ಕಲಲದಿಂದ ಪುಲಕದವರೆಗೆ: ಆರಾಧನೆಯ ಗರ್ಭಕ್ರಮ ಮತ್ತು ಕೇಳದೆ ಉಳಿದ ಸಾಕ್ಷಿ

ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ, ಮಾರುಕಟ್ಟೆಯ ಮುಂದಿನ ಸಯ್ಯಾಜಿರಾವ್ ರಸ್ತೆಯನ್ನು ಹಿಡಿದು ಉತ್ತರಕ್ಕೆ ನಡೆದರೆ ಸರ್ಕಾರಿ ಆಯುರ್ವೇದ ಕಾಲೇಜು ಎದುರಾಗುತ್ತದೆ. ಅದು ಆರಂಭವಾದದ್ದು 1908ರಲ್ಲಿ. ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿ ಕೃಷ್ಣರಾಜೇಂದ್ರ ಆಸ್ಪತ್ರೆ, ಹೆಂಗಸರು ಮತ್ತು ಮಕ್ಕಳಿಗಾಗಿ ಇರುವ ಚೆಲುವಾಂಬ ಆಸ್ಪತ್ರೆ, ಇರ್ವಿನ್ ರಸ್ತೆಯ ವೈದ್ಯಕೀಯ ಕಾಲೇಜು ಇವೆ. ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1930ರಲ್ಲಿ ಮೈಸೂರಿಗೆ ಬಂದಿತು. ಹೀಗಾಗಿ ಸುಮಾರು ಒಂದು ಶತಮಾನದಿಂದ ಈ ಒಂದೇ ಪರಿಸರದಲ್ಲಿ ಮನುಷ್ಯ ಗರ್ಭದ ಬೆಳವಣಿಗೆಯನ್ನು ಎರಡು ಬಗೆಯಲ್ಲಿ ಕಲಿಸಲಾಗುತ್ತಿದೆ. ಒಂದು ಕಡೆ ಚರಕ, ಸುಶ್ರುತರ ಶಾರೀರಸ್ಥಾನಗಳ ತಿಂಗಳ ಎಣಿಕೆ. ಇನ್ನೊಂದು ಕಡೆ ಸೂಕ್ಷ್ಮದರ್ಶಕದಿಂದ ತಿಳಿದ ದಿನಗಳ ಎಣಿಕೆ.

ಕರ್ನಾಟಕದ ನೆಲದಲ್ಲಿ ಮೂರನೆಯದೊಂದು ಎಣಿಕೆಯೂ ಇತ್ತು. ಅದು ವೈದ್ಯಶಾಲೆಗೆ ಸೇರಿದ್ದಲ್ಲ, ಮುನಿಸಂಘಕ್ಕೆ ಸೇರಿದ್ದು. ಶಿವಾರ್ಯರ ಭಗವತೀ ಆರಾಧನೆಯಲ್ಲಿ ಅದು ಬರುತ್ತದೆ. ಎರಡು ಸಾವಿರಕ್ಕೂ ಹೆಚ್ಚು ಗಾಹೆಗಳಿರುವ ಈ ಪ್ರಾಕೃತ ಗ್ರಂಥ ಸಲ್ಲೇಖನವನ್ನು ಕೈಕೊಳ್ಳುವ ಸಾಧಕನಿಗಾಗಿ ರಚಿತವಾದುದು. ಕನ್ನಡದ ವಿದ್ಯಾರ್ಥಿಗಳಿಗೆ ಇದರ ಪರಿಚಯ ಆಗುವುದು ವಡ್ಡಾರಾಧನೆಯ ಮೂಲಕ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳ ಬೇರು ಆರಾಧನೆಯ ಗಾಹೆಗಳಲ್ಲಿದೆ. ಆ ಕೃತಿಯನ್ನು ಸಂಪಾದಿಸಿದವರು ಮೈಸೂರಿನ ಡಿ.ಎಲ್. ನರಸಿಂಹಾಚಾರ್ಯರು, ಆರಾಧನಾ ಸಾಹಿತ್ಯದ ವಿಸ್ತಾರವನ್ನು ಬೃಹತ್ಕಥಾಕೋಶದ ಪ್ರಸ್ತಾವನೆಯಲ್ಲಿ (1943) ಬಿಡಿಸಿಟ್ಟವರು ಆ.ನೇ. ಉಪಾಧ್ಯೆ. ಮೂಲ ಗ್ರಂಥ ಯಾಪನೀಯ ಪರಂಪರೆಯದೆಂದು ನಾಥೂರಾಮ ಪ್ರೇಮಿಯವರಾದಿಯಾಗಿ ಹಲವು ವಿದ್ವಾಂಸರು ಭಾವಿಸಿದ್ದಾರೆ. ಯಾಪನೀಯರು ಕರ್ನಾಟಕದಲ್ಲಿ ಬಾಳಿ ಬೆಳೆದವರು ಎಂಬುದನ್ನು ನೆನೆದರೆ ಆರಾಧನೆ ಕನ್ನಡ ನಾಡಿಗೆ ಹೊರಗಿನ ಗ್ರಂಥವಲ್ಲ. ಕಥೆಗಳಿಗಾಗಿ ಅದನ್ನು ಓದಿದಷ್ಟು ಅದರ ಶರೀರವರ್ಣನೆಗಾಗಿ ಓದಿದ್ದು ಕಡಿಮೆ.

ಆ ವರ್ಣನೆ ಬರುವುದು ಬ್ರಹ್ಮಚರ್ಯವ್ರತದ ವಿವರಣೆಯ ನಡುವೆ. ದೇಹದ ಮೇಲಿನ ಮೋಹವನ್ನು ಕಳೆಯಲು ದೇಹವನ್ನು ಬೀಜ, ನಿಷ್ಪತ್ತಿ, ಕ್ಷೇತ್ರ, ಆಹಾರ, ಜನ್ಮ, ವೃದ್ಧಿ, ಅವಯವ ಮುಂತಾದ ಬಾಗಿಲುಗಳಿಂದ ನೋಡಬೇಕೆಂದು ಶಿವಾರ್ಯರು ಹೇಳುತ್ತಾರೆ. ನಿಷ್ಪತ್ತಿಯ ಬಾಗಿಲಲ್ಲಿ ಗರ್ಭಕ್ರಮ ಇದೆ. ಬೀಜವು ಮೊದಲ ಹತ್ತು ರಾತ್ರಿ ಕಲಲವಾಗಿ, ಮುಂದಿನ ಹತ್ತು ರಾತ್ರಿ ಕಲುಷವಾಗಿ, ಮತ್ತೆ ಹತ್ತು ರಾತ್ರಿ ಸ್ಥಿರವಾಗಿ ಇರುತ್ತದೆ. ಹೀಗೆ ಒಂದು ತಿಂಗಳು ಕಳೆಯುತ್ತದೆ. ಎರಡನೆಯ ತಿಂಗಳು ಅದು ಬುದ್ಬುದ, ಎಂದರೆ ಗುಳ್ಳೆ. ಮೂರನೆಯ ತಿಂಗಳು ಘನ, ನಾಲ್ಕನೆಯದರಲ್ಲಿ ಮಾಂಸಪೇಶಿ. ಐದನೆಯ ತಿಂಗಳಲ್ಲಿ ಐದು ಪುಲಕಗಳು ಮೂಡುತ್ತವೆ. ಆರನೆಯದರಲ್ಲಿ ಅಂಗ, ಉಪಾಂಗಗಳು, ಏಳನೆಯದರಲ್ಲಿ ಚರ್ಮ, ಉಗುರು, ರೋಮ, ಎಂಟನೆಯದರಲ್ಲಿ ಸ್ಪಂದನ, ಒಂಬತ್ತು ಅಥವಾ ಹತ್ತನೆಯದರಲ್ಲಿ ನಿರ್ಗಮನ.

ಪುಲಕ ಎಂಬ ಮಾತು ಕನ್ನಡ ಓದುಗರನ್ನು ಒಂದು ಕ್ಷಣ ನಿಲ್ಲಿಸುತ್ತದೆ. ಕಾವ್ಯದಲ್ಲಿ ಅದು ಹರ್ಷದಿಂದ ಎದ್ದ ರೋಮಾಂಚ. ಇಲ್ಲಿಯಾದರೋ ಎರಡು ಕೈ, ಎರಡು ಕಾಲು, ಒಂದು ತಲೆ ಮೂಡಲಿರುವ ಜಾಗಗಳ ಉಬ್ಬು. ಮೈಯಿಂದ ಮೇಲೆದ್ದದ್ದು ಎಂಬ ಸಮಾನಾರ್ಥ ಎರಡಕ್ಕೂ ಹೊಂದುತ್ತದೆ. ವೈರಾಗ್ಯಕ್ಕೆಂದು ಬರೆದ ಗಾಹೆಯಲ್ಲಿ ಇಂಥ ಪದ ನುಸುಳಿರುವುದು ಅಷ್ಟು ಮಟ್ಟಿಗೆ ಸೊಗಸು.

ಈ ಪದಸರಣಿ ಶಿವಾರ್ಯರ ಸ್ವಂತದ್ದಲ್ಲ. ಪಾಲಿ ಸಂಯುತ್ತನಿಕಾಯದ ಇಂದಕಸುತ್ತದಲ್ಲಿ ಕಲಲ, ಅಬ್ಬುದ, ಪೇಸಿ, ಘನ, ಪಸಾಖಾ ಎಂಬ ಐದು ಹಂತಗಳಿವೆ. ಶ್ವೇತಾಂಬರ ಪ್ರಕೀರ್ಣಕಗಳಲ್ಲಿ ಒಂದಾದ ತಂದುಲವೇಯಾಲಿಯವು ಕಲಲಕ್ಕೆ ಏಳು ದಿನ, ಅರ್ಬುದಕ್ಕೆ ಏಳು ದಿನ ಎಂದು ಹಂಚಿ ಅಲ್ಲಿಂದ ಪೇಶಿ, ಘನಗಳಿಗೆ ಸಾಗುತ್ತದೆ. ಗರ್ಭೋಪನಿಷತ್ತಿನಲ್ಲಿ ಒಂದು ರಾತ್ರಿಗೆ ಕಲಿಲ, ಏಳು ರಾತ್ರಿಗೆ ಬುದ್ಬುದ, ಅರ್ಧ ತಿಂಗಳಿಗೆ ಪಿಂಡ, ತಿಂಗಳಿಗೆ ಕಠಿನ. ಸುಶ್ರುತನಲ್ಲಿ ಮೊದಲ ತಿಂಗಳೆಲ್ಲ ಕಲಲ, ಎರಡನೆಯದು ಘನ. ಬೌದ್ಧರ ಗರ್ಭಾವಕ್ರಾಂತಿ ಸೂತ್ರವಂತೂ ಮೂವತ್ತೆಂಟು ವಾರಗಳನ್ನು ಒಂದೊಂದಾಗಿ ವಿವರಿಸುತ್ತದೆ. ಶ್ರಮಣರು, ವೈದಿಕರು, ವೈದ್ಯರು ಎಲ್ಲರ ಬಾಯಲ್ಲಿ ಮಾತುಗಳು ಬಹುಮಟ್ಟಿಗೆ ಒಂದೇ, ಕಾಲ ಮಾತ್ರ ಬೇರೆ ಬೇರೆ. ಬುದ್ಬುದವೊಂದನ್ನೇ ತೆಗೆದುಕೊಳ್ಳಬಹುದು. ಉಪನಿಷತ್ತಿನಲ್ಲಿ ಅದು ಏಳನೆಯ ರಾತ್ರಿಯದು. ಆರಾಧನೆಯಲ್ಲಿ ಎರಡನೆಯ ತಿಂಗಳಿನದು. ನೋಡಿದ ವಸ್ತುವಿಗೆ ಹೆಸರಿಟ್ಟಿದ್ದರೆ ಇಷ್ಟು ಅಂತರ ಬರುವಂತಿರಲಿಲ್ಲ. ಮೆತ್ತಗಿನದು ಹೆಪ್ಪುಗಟ್ಟಿ, ಗಟ್ಟಿಯಾಗಿ, ಕವಲೊಡೆಯುತ್ತದೆ ಎಂಬ ಒಂದು ಕಲ್ಪನಾಕ್ರಮ ಬಹಳ ಹಿಂದೆಯೇ ಸಿದ್ಧವಾಗಿತ್ತು. ಆಯಾ ಪರಂಪರೆಯವರು ಅದನ್ನು ತಮ್ಮ ತಮ್ಮ ಲೆಕ್ಕಕ್ಕೆ ಹೊಂದಿಸಿಕೊಂಡರು ಎನ್ನುವುದೇ ಸರಿಯಾದೀತು.

ಇಂದಿನ ಭ್ರೂಣಶಾಸ್ತ್ರದ ಕ್ರಮವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಂಡ ಮತ್ತು ವೀರ್ಯಾಣು ಕೂಡುವುದು ಗರ್ಭಕೋಶದಲ್ಲಲ್ಲ, ಅಂಡನಾಳದ ಅಗಲವಾದ ಭಾಗದಲ್ಲಿ. ಕೂಡಿದ ಒಂದು ಕೋಶ ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತ ನಾಳದಲ್ಲಿ ಸಾಗುತ್ತದೆ. ಮೂರು ನಾಲ್ಕನೆಯ ದಿನಕ್ಕೆ ಅದು ಹದಿನಾರು ಅಥವಾ ಹೆಚ್ಚು ಕೋಶಗಳ ಉಂಡೆ. ಹಿಪ್ಪುನೇರಳೆ ಹಣ್ಣಿನಂತೆ ಕಂಡದ್ದರಿಂದ ಲ್ಯಾಟಿನ್ನಿನಲ್ಲಿ ಆ ಹಣ್ಣಿನ ಹೆಸರಿನಿಂದಲೇ ಮೊರುಲಾ ಎಂದು ಕರೆದರು. ಐದನೆಯ ದಿನಕ್ಕೆ ಒಳಗೆ ದ್ರವ ತುಂಬಿ ಟೊಳ್ಳಾಗುತ್ತದೆ. ಆರು ಏಳನೆಯ ದಿನ ಗರ್ಭಕೋಶದ ಒಳಪೊರೆಗೆ ಅಂಟಿ ಹುದುಗತೊಡಗುತ್ತದೆ. ಮೂರನೆಯ ವಾರದಲ್ಲಿ ಮೂರು ಪದರಗಳು ಏರ್ಪಡುತ್ತವೆ. ಸುಮಾರು ಇಪ್ಪತ್ತೆರಡನೆಯ ದಿನ ಹೃದಯದ ನಾಳ ಮಿಡಿಯಲು ಆರಂಭಿಸುತ್ತದೆ. ನಾಲ್ಕನೆಯ ವಾರ ಮುಗಿಯುವುದರೊಳಗೆ ಮಿದುಳು ಮತ್ತು ಬೆನ್ನುಹುರಿಯ ನಾಳದ ಎರಡೂ ತುದಿ ಮುಚ್ಚಿಕೊಳ್ಳುತ್ತವೆ; ಆಗ ಭ್ರೂಣದ ಉದ್ದ ನಾಲ್ಕೈದು ಮಿಲಿಮೀಟರ್. ಎಂಟನೆಯ ವಾರದ ಕೊನೆಗೆ ಸುಮಾರು 30 ಮಿಲಿಮೀಟರ್ ಉದ್ದದ ಆ ಜೀವದಲ್ಲಿ ಮುಖ್ಯ ಅವಯವಗಳೆಲ್ಲ ತಲೆದೋರಿರುತ್ತವೆ. ಈ 56 ದಿನಗಳನ್ನು ವಿಜ್ಞಾನಿಗಳು 23 ಹಂತಗಳಾಗಿ ವಿಂಗಡಿಸಿದ್ದಾರೆ.

ಟೊಳ್ಳು ಗೋಲ ಎಂದೊಡನೆ ಬುದ್ಬುದ ನೆನಪಾಗುತ್ತದೆ. ಅದೂ ಉಪನಿಷತ್ತಿನ ಏಳನೆಯ ರಾತ್ರಿಗೆ ಹತ್ತಿರ. ಪ್ರಾಚೀನರು ಎಲ್ಲವನ್ನೂ ಅರಿತಿದ್ದರು ಎನ್ನುವ ಭಾಷಣಗಳಿಗೆ ಇಂಥ ಕಾಕತಾಳೀಯಗಳೇ ಬಂಡವಾಳ. ಆ ಗೋಲ ಒಂದು ಮಿಲಿಮೀಟರಿನ ಕಾಲುಭಾಗಕ್ಕೂ ಕಿರಿದು. ಸಸ್ತನಿಗಳ ಅಂಡವನ್ನು ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಮೊದಲು ಗುರುತಿಸಿದ್ದೇ 1827ರಲ್ಲಿ. ಹೊಂದಿಕೆಯಾದ ಒಂದು ಸಂಖ್ಯೆಯನ್ನು ಎತ್ತಿ ಹಿಡಿದು, ಹೊಂದದ ಹತ್ತನ್ನು ಮರೆಮಾಚುವುದು ಗ್ರಂಥಕ್ಕೆ ಮಾಡುವ ಗೌರವವಲ್ಲ. ಹಾಗೆಂದು ಪ್ರಾಚೀನರು ಏನನ್ನೂ ಕಂಡಿರಲಿಲ್ಲ ಎನ್ನುವುದೂ ತಪ್ಪು. ಎಲ್ಲಿ ಕಂಡಿದ್ದರು, ಎಲ್ಲಿ ಕೇಳಿದ ಮಾತನ್ನು ಮುಂದುವರಿಸಿದರು ಎಂದು ಬಿಡಿಸುವುದು ಸಂಶೋಧಕರ ಕೆಲಸ.

ಕಂಡಿದ್ದರು ಎನ್ನಲು ಐದು ಉಬ್ಬುಗಳೇ ಆಧಾರ. ಸುಶ್ರುತನು ಅವನ್ನು ಐದು ಪಿಂಡಗಳೆಂದು ಕರೆದು ಮೂರನೆಯ ತಿಂಗಳಿಗೆ ಹೇಳುತ್ತಾನೆ. ಆರಾಧನೆ ಐದನೆಯ ತಿಂಗಳಿಗೆ ಹೇಳುತ್ತದೆ. ವಾಸ್ತವದಲ್ಲಿ ಕೈಗಳ ಮೊಗ್ಗು ಸುಮಾರು ಇಪ್ಪತ್ತಾರನೆಯ ದಿನಕ್ಕೂ ಕಾಲುಗಳ ಮೊಗ್ಗು ಅದರ ಒಂದೆರಡು ದಿನಗಳ ಅನಂತರವೂ ಮೂಡುತ್ತವೆ. ಕಾಲಗಣನೆ ಎರಡರಲ್ಲೂ ತಡವೇ. ಆದರೆ ಕೈಕಾಲುಗಳು ಬೆರಳುಗಳೊಂದಿಗೆ ಒಮ್ಮೆಗೇ ಹುಟ್ಟುವುದಿಲ್ಲ, ಮೊದಲು ಮೊಂಡಾದ ಉಬ್ಬುಗಳಾಗಿ ಏಳುತ್ತವೆ ಎಂಬುದು ಕುಳಿತಲ್ಲಿ ಊಹಿಸಲು ಸುಲಭವಾದ ಸಂಗತಿಯಲ್ಲ. ಜಾರಿದ ಗರ್ಭವನ್ನು ಯಾರೋ ಕಂಡಿರಬೇಕು. ಸುಶ್ರುತಸಂಹಿತೆಯ ನಿದಾನಸ್ಥಾನವು ನಾಲ್ಕನೆಯ ತಿಂಗಳವರೆಗಿನ ನಷ್ಟವನ್ನು ಸ್ರಾವವೆಂದೂ ಐದು ಆರನೆಯ ತಿಂಗಳಿನದನ್ನು, ಶರೀರ ಸ್ಥಿರವಾಗಿರುವುದರಿಂದ, ಪಾತವೆಂದೂ ಬೇರ್ಪಡಿಸುತ್ತದೆ. ಹರಿದುಹೋದದ್ದು ಯಾವುದು, ಬಿದ್ದದ್ದು ಯಾವುದು ಎಂದು ನೋಡಿ ತಿಳಿದವರ ಮಾತು ಇದು. ನೋಡಿದವರಲ್ಲಿ ಮೊದಲಿಗರು ಸೂಲಗಿತ್ತಿಯರೇ ಆಗಿರಬೇಕು. ಸಂಹಿತೆಗಳಲ್ಲಿ ಅವರ ಹೆಸರುಗಳಿಲ್ಲ. ಐದು ಉಬ್ಬುಗಳ ತಿಳಿವಳಿಕೆ ಹೆರಿಗೆಮನೆಯಿಂದ ವೈದ್ಯನಿಗೂ ವೈದ್ಯನಿಂದ ಮುನಿಗೂ ಸಾಗಿಬರುವಾಗ ತಿಂಗಳುಗಳು ಜಾರಿಕೊಂಡಿರುವುದು ಅಸಂಭವವಲ್ಲ.

ಕೇಳಿದ ಮಾತನ್ನೇ ಮುಂದುವರಿಸಿದರು ಎನ್ನಲು ಎಂಟನೆಯ ತಿಂಗಳ ಸ್ಪಂದನವೇ ಸಾಕ್ಷಿ. ಚೊಚ್ಚಲ ಬಸುರಿಗೆ ಸಾಮಾನ್ಯವಾಗಿ ಹದಿನೆಂಟರಿಂದ ಇಪ್ಪತ್ತನೆಯ ವಾರದ ಹೊತ್ತಿಗೆ, ಹಿಂದೆ ಹೆತ್ತವಳಿಗೆ ಇನ್ನೂ ಸ್ವಲ್ಪ ಮೊದಲು, ಕೂಸಿನ ಅಲುಗಾಟ ತಿಳಿಯುತ್ತದೆ. ಅಂದರೆ ಐದನೆಯ ತಿಂಗಳು. ಯಂತ್ರದ ಪರದೆಯ ಮೇಲೆ ಎರಡನೆಯ ತಿಂಗಳ ಕೊನೆಗೇ ಅದು ಕಾಣುತ್ತದೆಂಬುದು ಇಂದಿನ ಮಾತು, ಅದನ್ನು ಬಿಡೋಣ. ಆದರೆ ಐದನೆಯ ತಿಂಗಳ ಮಿಸುಕಾಟವನ್ನು ಅರಿಯಲು ಯಂತ್ರ ಬೇಡ, ಶಾಸ್ತ್ರ ಬೇಡ, ಅಕ್ಷರವೂ ಬೇಡ. ಯಾವ ಊರಿನ ಯಾವ ತಾಯಿಯನ್ನು ಕೇಳಿದ್ದರೂ ಹೇಳುತ್ತಿದ್ದಳು. ಹೆತ್ತವಳೊಬ್ಬಳನ್ನು ಕೇಳಿದ್ದರೆ ಆ ಗಾಹೆ ಹಾಗಿರುತ್ತಿರಲಿಲ್ಲ. ಬ್ರಹ್ಮಚರ್ಯವ್ರತದ ಪ್ರಕರಣದಲ್ಲಿ, ಗಂಡಸರು ಗಂಡಸರಿಗಾಗಿ ಬರೆದ ಸಾಲುಗಳಲ್ಲಿ, ಆ ಪ್ರಶ್ನೆ ಕೇಳುವ ಅವಕಾಶವೇ ಇರಲಿಲ್ಲ. ಗರ್ಭಾಶಯವು ಅಲ್ಲಿ ಒಬ್ಬಳ ಒಡಲಲ್ಲ. ಆಮಾಶಯದ ಕೆಳಗೆ, ಪಕ್ವಾಶಯದ ಮೇಲೆ, ಅಶುಚಿಯ ನಡುವೆ ಜೀವ ಒಂಬತ್ತು ತಿಂಗಳು ಅಡಗಿರಬೇಕಾದ ಒಂದು ಸ್ಥಳ ಮಾತ್ರ. ಅಶುಚಿಭಾವನೆಗೆ ಅಷ್ಟು ಸಾಕು. ಶಿವಾರ್ಯರ ಉದ್ದೇಶ ಶರೀರಶಾಸ್ತ್ರ ಬರೆಯುವುದಾಗಿರಲಿಲ್ಲ ಎಂಬುದನ್ನು ನೆನೆದರೆ ಈ ತಪ್ಪಿಗೆ ಕಾರಣ ತಿಳಿಯುತ್ತದೆ, ತಪ್ಪು ಇಲ್ಲವಾಗುವುದಿಲ್ಲ.

ಇದರ ಎದುರಿಗೆ ಕಲ್ಪಸೂತ್ರವನ್ನು ಇಟ್ಟು ನೋಡಬೇಕು. ಅದೂ ಮುನಿಗಳ ಗ್ರಂಥವೇ. ಎಂಬತ್ತೆರಡು ರಾತ್ರಿಗಳು ಕಳೆದ ಮೇಲೆ ಹರಿಣೇಗಮೇಷಿ ದೇವನು ಭ್ರೂಣವನ್ನು ದೇವಾನಂದೆಯ ಗರ್ಭದಿಂದ ತ್ರಿಶಲೆಯ ಗರ್ಭಕ್ಕೆ ಒಯ್ದನೆಂಬ ಪ್ರಸಂಗ ಅದರಲ್ಲಿದೆ. ದಿಗಂಬರರು ಇದನ್ನು ಒಪ್ಪುವುದಿಲ್ಲ. ಆ ವಿವಾದಕ್ಕಿಂತ ಇಲ್ಲಿ ಮುಖ್ಯವಾದದ್ದು ಅದರ ಮುಂದಿನ ಸನ್ನಿವೇಶ. ತನ್ನ ಅಲುಗಾಟದಿಂದ ತಾಯಿಗೆ ನೋವಾಗದಿರಲೆಂದು ಗರ್ಭಸ್ಥ ವರ್ಧಮಾನನು ನಿಶ್ಚಲನಾಗುತ್ತಾನೆ. ಮಿಸುಕಾಟ ನಿಂತದ್ದೇ ತಡ, ತ್ರಿಶಲೆ ಗರ್ಭ ಹೋಯಿತೆಂದು ಶೋಕಿಸುತ್ತಾಳೆ. ಅರಮನೆಯ ಸಂಗೀತ ನಿಲ್ಲುತ್ತದೆ. ತಾಯಿಯ ಸಂಕಟವನ್ನರಿತ ಶಿಶು ಒಂದಿಷ್ಟು ಅಲುಗುತ್ತದೆ, ಆಕೆ ಅರಳುತ್ತಾಳೆ. ಅಲೌಕಿಕದ ಆವರಣವನ್ನು ಸರಿಸಿದರೆ ಉಳಿಯುವುದು ಯಾವ ಬಸುರಿಯಾದರೂ ಬಲ್ಲ ಭಯ. ಸ್ಪಂದನ ಯಾರಿಗೆ ತಿಳಿಯುತ್ತದೆ ಎಂಬುದು ಈ ಕಥೆ ಕಟ್ಟಿದವರಿಗೆ ಗೊತ್ತಿತ್ತು. ಪಟ್ಟಿಗೆ ದಕ್ಕದ ಸಾಕ್ಷಿ ಕಥೆಗೆ ದಕ್ಕಿದೆ.

ಕಾವ್ಯಕ್ಕೂ ದಕ್ಕಿದೆ, ಆದರೆ ತಲೆಕೆಳಗಾಗಿ. ಪಂಪನ ಆದಿಪುರಾಣಕ್ಕೆ ಆಕರವಾದ ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದಲ್ಲಿ ಮರುದೇವಿಯ ಗರ್ಭವರ್ಣನೆ ಬರುತ್ತದೆ. ಆಕೆಯ ಉದರ ವಿಕಾರಗೊಳ್ಳಲಿಲ್ಲ, ಮೊಲೆತೊಟ್ಟು ಕಪ್ಪಾಗಲಿಲ್ಲ, ಮುಖ ಬಿಳುಪೇರಲಿಲ್ಲ. ಆದರೂ ಗರ್ಭ ಬೆಳೆಯಿತು ಎಂಬುದು ಅಲ್ಲಿನ ವಿಸ್ಮಯ. ಮೊಲೆತೊಟ್ಟಿನ ಕಪ್ಪು, ಬಳಲಿಕೆ, ಓಕರಿಕೆ, ಬಾಯಲ್ಲಿ ನೀರೂರುವುದು ಇವು ಸುಶ್ರುತನು ಕೊಡುವ ಗರ್ಭಿಣೀಲಕ್ಷಣಗಳು. ತೀರ್ಥಂಕರನ ತಾಯಿಯಲ್ಲಿ ಅವು ಕಾಣಲಿಲ್ಲ ಎಂದು ಹೇಳಬೇಕಾದರೆ ಉಳಿದ ತಾಯಂದಿರಲ್ಲಿ ಅವು ಕಾಣುತ್ತವೆ ಎಂದು ಕವಿಗೆ ತಿಳಿದಿರಬೇಕು. ನಿಷೇಧದ ರೂಪದಲ್ಲಿ ಬಂದ ವೈದ್ಯಜ್ಞಾನ ಇದು. ಆರಾಧನೆಯ ಗರ್ಭ ಕೇವಲ ಅಶುಚಿ, ಪುರಾಣದ ಗರ್ಭ ಕೇವಲ ರತ್ನವೃಷ್ಟಿ. ನಡುವೆ ಇದ್ದ ಸಾಮಾನ್ಯಳ ಒಂಬತ್ತು ತಿಂಗಳು ಎರಡರಲ್ಲೂ ನೇರವಾಗಿ ಇಲ್ಲ.

ಆ ನಡುವಣ ಜಾಗವನ್ನು ತುಂಬಬೇಕಾಗಿದ್ದವರು ಜೈನ ವೈದ್ಯರು. ರಾಷ್ಟ್ರಕೂಟ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರ ಸಂಸ್ಕೃತ ಕಲ್ಯಾಣಕಾರಕದ ಎರಡನೆಯ ಪರಿಚ್ಛೇದ ಗರ್ಭೋತ್ಪತ್ತಿಗೇ ಮೀಸಲು. ಶಿಶುವೈದ್ಯದಲ್ಲಿ ಮೇಘನಾದರು ಗ್ರಂಥ ರಚಿಸಿದ್ದರೆಂದು ಉಗ್ರಾದಿತ್ಯರು ಸ್ಮರಿಸುತ್ತಾರೆ. ಆ ಗ್ರಂಥ ಉಳಿದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಅದೇ ಶತಮಾನದ ಕೀರ್ತಿವರ್ಮನ ಗೋವೈದ್ಯ, ಅನಂತರದ ದೇವೇಂದ್ರಮುನಿಯ ಬಾಲಗ್ರಹಚಿಕಿತ್ಸೆ, ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣ ಹೀಗೆ ಸಾಲು ಬೆಳೆಯುತ್ತದೆ. ಕವಿಚರಿತೆಯ ಪುಟಗಳಲ್ಲಿ ಆರ್. ನರಸಿಂಹಾಚಾರ್ಯರು ಈ ಹೆಸರುಗಳನ್ನು ದಾಖಲಿಸದಿದ್ದರೆ ಕನ್ನಡ ವೈದ್ಯಸಾಹಿತ್ಯದ ಚರಿತ್ರೆ ಇನ್ನೂ ಮಸುಕಾಗಿಯೇ ಇರುತ್ತಿತ್ತು.

ಜೈನ ವೈದ್ಯನಿಗೆ ಒಂದು ತೊಡಕು ಇತ್ತು. ಸಂಹಿತೆಗಳ ಮಾಸಾನುಮಾಸಿಕ ಪಥ್ಯದಲ್ಲಿ ಚರಕನು ಮೂರನೆಯ ತಿಂಗಳಿಗೆ ಹಾಲಿನೊಂದಿಗೆ ಜೇನು, ತುಪ್ಪ ಹೇಳುತ್ತಾನೆ. ಸುಶ್ರುತನು ನಾಲ್ಕನೆಯ ತಿಂಗಳಿಗೆ ಹಾಲು, ಬೆಣ್ಣೆಯ ಜೊತೆ ಕಾಡುಪ್ರಾಣಿಯ ಮಾಂಸ ಹೇಳುತ್ತಾನೆ. ಮದ್ಯ, ಮಾಂಸ, ಮಧು ಮೂರನ್ನೂ ಬಿಟ್ಟ ಚಿಕಿತ್ಸೆ ಎಂಬುದು ಕಲ್ಯಾಣಕಾರಕ ಪರಂಪರೆಯ ಪ್ರತಿಜ್ಞೆ. ಉಗ್ರಾದಿತ್ಯರು ಮಾಂಸದ ನಿರರ್ಥಕತೆಯನ್ನು ರಾಜಸಭೆಯಲ್ಲೇ ವಾದಿಸಿದವರು. ಬಸುರಿಯ ಊಟದ ವಿಷಯದಲ್ಲಿ ಈ ಪ್ರತಿಜ್ಞೆ ತತ್ತ್ವವಾಗಿ ಉಳಿಯದೆ ದಿನದಿನದ ಪ್ರಶ್ನೆಯಾಗುತ್ತಿತ್ತು. ಬಯಕೆಯ ವಿಷಯದಲ್ಲಂತೂ ಇನ್ನೂ ಬಿಕ್ಕಟ್ಟು. ನಾಲ್ಕನೆಯ ತಿಂಗಳಲ್ಲಿ ಶಿಶುವಿನ ಹೃದಯ ವ್ಯಕ್ತವಾಗುವುದರಿಂದ ತಾಯಿ ಎರಡು ಹೃದಯದವಳಾಗುತ್ತಾಳೆ, ಆಕೆಯ ಬಯಕೆಯನ್ನು ತೀರಿಸದಿದ್ದರೆ ಶಿಶುವಿಗೆ ಕೇಡು ಎಂಬುದು ಸುಶ್ರುತನ ಮತ. ಪ್ರಾಕೃತದಲ್ಲಿ ಅದು ದೋಹಲ. ಗಂಡ ಶ್ರೇಣಿಕನ ಮಾಂಸವನ್ನೇ ತಿನ್ನಬೇಕೆಂಬ ಚೇಲನೆಯ ದೋಹಲ, ಅದನ್ನು ಉಪಾಯದಿಂದ ತೀರಿಸುವ ಅಭಯಕುಮಾರ, ಹುಟ್ಟಿದ ಕೂಣಿಕ ಮುಂದೆ ತಂದೆಯನ್ನೇ ಸೆರೆಯಲ್ಲಿಡುವುದು ಎಲ್ಲವೂ ಶ್ವೇತಾಂಬರ ಆಗಮದ ನಿರಯಾವಲಿಯಾದಲ್ಲಿದೆ. ಹೆಣ್ಣಿನ ಮಾತು ಶಾಸ್ತ್ರದಲ್ಲಿ ಕೇಳಿಸುವುದು ಬಹುಶಃ ಬಯಕೆಯೊಂದರಲ್ಲಿ. ಅಲ್ಲಿಯೂ ಅದನ್ನು ಮಗುವಿನ ಸ್ವಭಾವದ ಸೂಚನೆಯೆಂದೇ ಓದಿದರು.

ಶಿಶು ಏನು ತಿಂದು ಬೆಳೆಯುತ್ತದೆ ಎಂಬ ಪ್ರಶ್ನೆಗೆ ಕೊಟ್ಟ ಉತ್ತರಗಳು ಹೆಚ್ಚು ಸ್ವಾರಸ್ಯಕರ. ತಾಯಿ ಅಗಿದು ನುಂಗಿದ ಆಹಾರ ತೊಟ್ಟಿಕ್ಕಿ ಗರ್ಭಕ್ಕೆ ತಲುಪುತ್ತದೆ, ಏಳನೆಯ ತಿಂಗಳಲ್ಲಿ ತಾವರೆಯ ದಂಟಿನಂಥ ಹೊಕ್ಕುಳ ನಾಳ ಉಂಟಾಗಿ ಅಲ್ಲಿಂದ ಮುಂದೆ ಅದರ ಮೂಲಕ ಆಹಾರ ಸಾಗುತ್ತದೆ ಎಂದು ಆರಾಧನೆ ಹೇಳುತ್ತದೆ. ವಿಯಾಹಪಣ್ಣತ್ತಿಯು ಗರ್ಭಸ್ಥ ಜೀವ ಬಾಯಿಂದ ಉಣ್ಣುವುದಿಲ್ಲ, ಮಲಮೂತ್ರ ವಿಸರ್ಜಿಸುವುದಿಲ್ಲ, ರಸವನ್ನೊಯ್ಯುವ ನಾಡಿಯಿಂದ ಪೋಷಿತವಾಗುತ್ತದೆ ಎಂದು ವಿವರಿಸಿ, ಮಾಂಸ, ರಕ್ತ, ಮಸ್ತಿಷ್ಕ ತಾಯಿಯ ಅಂಶಗಳೆಂದೂ ಎಲುಬು, ಮಜ್ಜೆ, ಕೂದಲು ಉಗುರುಗಳು ತಂದೆಯ ಅಂಶಗಳೆಂದೂ ಹಂಚುತ್ತದೆ. ಸುಶ್ರುತನು ಅಂಗಗಳು ವಿಭಾಗಗೊಳ್ಳುವ ಮೊದಲು ತಾಯಿಯ ರಸದ ಜಿನುಗುವಿಕೆಯೇ ಗರ್ಭವನ್ನು ಬದುಕಿಸುತ್ತದೆ, ಹೊಕ್ಕುಳ ನಾಡಿ ಆಮೇಲಿನದು ಎನ್ನುತ್ತಾನೆ. ಹೊಕ್ಕುಳಬಳ್ಳಿ ರೂಪುಗೊಳ್ಳುವುದು ಎರಡನೆಯ ತಿಂಗಳೊಳಗೇ; ಆರಾಧನೆಯ ಏಳನೆಯ ತಿಂಗಳು ಬಹಳ ತಡ. ಆದರೆ ಜಿನುಗುವಿಕೆಯ ಮಾತನ್ನು ಅಷ್ಟು ಬೇಗ ತಳ್ಳಿಹಾಕಲಾಗದು. ಮೊದಲ ವಾರಗಳಲ್ಲಿ ಭ್ರೂಣಕ್ಕೆ ಬಹುಪಾಲು ಪೋಷಣೆ ದೊರೆಯುವುದು ಗರ್ಭಕೋಶದ ಗ್ರಂಥಿಗಳ ಸ್ರಾವದಿಂದ. ತಾಯಿಯ ರಕ್ತ ಮಾಸಿನೊಳಗೆ ಪೂರ್ಣವಾಗಿ ಹರಿಯತೊಡಗುವುದು ಮೂರನೆಯ ತಿಂಗಳ ಕೊನೆಯ ಹೊತ್ತಿಗೆ. ಸುಶ್ರುತನು ಇದನ್ನು ಕಂಡಿದ್ದನೆಂದಲ್ಲ. ಬಳ್ಳಿ ಇಲ್ಲದಾಗಲೂ ಜೀವ ಇರುವುದಾದರೆ ಅದು ಹೇಗೆ ಎಂಬ ಪ್ರಶ್ನೆಯನ್ನು ಆತ ಬಿಡದೆ ಕೇಳಿದ್ದ.

ಯಾವ ಅವಯವ ಮೊದಲು ಎಂಬ ವಾದವೂ ಅದೇ ಅಧ್ಯಾಯದಲ್ಲಿದೆ. ತಲೆ ಎಂದು ಶೌನಕ, ಹೃದಯ ಎಂದು ಕೃತವೀರ್ಯ, ಹೊಕ್ಕುಳು ಎಂದು ಪಾರಾಶರ್ಯ, ಕೈಕಾಲು ಎಂದು ಮಾರ್ಕಂಡೇಯ, ಮುಂಡ ಎಂದು ಸುಭೂತಿ ಗೌತಮ. ಧನ್ವಂತರಿಯ ತೀರ್ಪು ಎಲ್ಲವೂ ಒಮ್ಮೆಗೇ ಎಂದು. ಎಳೆ ಬಿದಿರು, ಎಳೆ ಮಾವಿನಲ್ಲಿ ಎಲ್ಲ ಭಾಗಗಳಿದ್ದರೂ ಸೂಕ್ಷ್ಮವಾದ್ದರಿಂದ ಕಾಣುವುದಿಲ್ಲ ಎಂಬ ಹೋಲಿಕೆ. ಹದಿನೇಳನೆಯ ಶತಮಾನದ ಯುರೋಪಿನಲ್ಲಿ ವೀರ್ಯಾಣುವಿನೊಳಗೆ ಮುದುಡಿ ಕುಳಿತ ಪುಟ್ಟ ಮನುಷ್ಯನನ್ನು ಹಾರ್ಟ್‌ಸೂಕರ್ ಚಿತ್ರಿಸಿದ್ದು (1694) ಇದೇ ಬಗೆಯ ಯೋಚನೆಯಿಂದ. 1759ರಲ್ಲಿ ವೋಲ್ಫ್ ಅದನ್ನು ಅಲ್ಲಗಳೆದು ಅವಯವಗಳು ಹೊಸದಾಗಿ ರೂಪುಗೊಳ್ಳುತ್ತವೆ ಎಂದನು. ಜೈನ ಸಿದ್ಧಾಂತ ಈ ವಾದದಲ್ಲಿ ಬೇರೆಯೇ ಜಾಗದಲ್ಲಿ ನಿಲ್ಲುತ್ತದೆ. ಶ್ರವಣಬೆಳಗೊಳದ ಚಾವುಂಡರಾಯನಿಗೆ ಗುರುವಾಗಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರ, ಅದಕ್ಕೆ 1359ರಲ್ಲಿ ಕೇಶವವರ್ಣಿ ಬರೆದ ಕನ್ನಡ ವೃತ್ತಿ ಪರ್ಯಾಪ್ತಿಗಳನ್ನು ನಿರೂಪಿಸುತ್ತವೆ. ಆಹಾರ, ಶರೀರ, ಇಂದ್ರಿಯ, ಉಸಿರು, ಭಾಷೆ, ಮನಸ್ಸು ಎಂಬ ಆರು ಸಾಮರ್ಥ್ಯಗಳು ಒಟ್ಟಿಗೆ ಆರಂಭ, ಕ್ರಮವಾಗಿ ಪೂರ್ಣ. ಎಲ್ಲಕ್ಕೂ ಸೇರಿ ಹಿಡಿಯುವ ಕಾಲ ಅಂತರ್ಮುಹೂರ್ತ, ಅಂದರೆ 48 ನಿಮಿಷಕ್ಕೂ ಕಡಿಮೆ. ಇವು ಅವಯವಗಳಲ್ಲ, ಅವಯವಗಳನ್ನು ಕಟ್ಟುವ ಶಕ್ತಿಗಳು. ಜೀವ ಎಂದು ಬರುತ್ತದೆ ಎಂಬ ಪ್ರಶ್ನೆಗೆ ಅರಿಸ್ಟಾಟಲನಂತೆ ನಲವತ್ತು, ತೊಂಬತ್ತು ದಿನಗಳ ಗಡಿಯನ್ನು ಇಲ್ಲಿ ಹಾಕಿಲ್ಲ. ಬಂದದ್ದರಿಂದಲೇ ಗರ್ಭ.

ಹೆಣ್ಣೋ ಗಂಡೋ ಎಂಬಲ್ಲಿ ಮಾತ್ರ ಎಲ್ಲ ಪರಂಪರೆಗಳೂ ಒಟ್ಟಾಗಿ ತಪ್ಪಿದವು. ಶುಕ್ರ ಹೆಚ್ಚಾದರೆ ಗಂಡು, ಆರ್ತವ ಹೆಚ್ಚಾದರೆ ಹೆಣ್ಣು ಎಂದು ಸುಶ್ರುತ, ತಂದುಲವೇಯಾಲಿಯ ಎರಡೂ ಹೇಳುತ್ತವೆ. ಬಲಮಗ್ಗುಲು ಗಂಡಿಗೆ, ಎಡಮಗ್ಗುಲು ಹೆಣ್ಣಿಗೆ. ಹೆಣ್ಣು ಹುಟ್ಟಿದರೆ ಕಾರಣ ತಾಯಿಯ ರಕ್ತ ಎಂಬ ತೀರ್ಮಾನಕ್ಕೆ ಇಲ್ಲಿಂದ ಒಂದೇ ಹೆಜ್ಜೆ. ಲಿಂಗವನ್ನು ನಿರ್ಧರಿಸುವುದು ತಂದೆಯ ವೀರ್ಯಾಣು ಹೊತ್ತು ತರುವ ವರ್ಣತಂತು ಎಂಬುದಕ್ಕೆ ದಾರಿ ತೆರೆದದ್ದು 1905ರ ನೆಟ್ಟಿ ಸ್ಟೀವನ್ಸ್ ಅವರ ಸಂಶೋಧನೆ. ಅರಿವು ಬಂದು ನೂರು ವರ್ಷ ಮೀರಿದರೂ ಹಳೆಯ ತೀರ್ಮಾನ ಹೋಗಿಲ್ಲ. 1994ರ ಕಾಯ್ದೆಯಂತೆ ಪ್ರತಿ ಸ್ಕ್ಯಾನಿಂಗ್ ಕೇಂದ್ರದಲ್ಲೂ ಭ್ರೂಣಲಿಂಗ ಪತ್ತೆ ಅಪರಾಧವೆಂಬ ಫಲಕ ತೂಗುಹಾಕಬೇಕು. ದೇವರಾಜ ಮೊಹಲ್ಲಾದಲ್ಲೂ ಹಾಗೆಯೇ. ಹೀಗಿದ್ದೂ ಪಕ್ಕದ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಯಂತ್ರವಿಟ್ಟು ಲಿಂಗ ಪತ್ತೆಮಾಡುತ್ತಿದ್ದುದು 2023ರಲ್ಲಿ ಪೊಲೀಸರ ತನಿಖೆಯಿಂದ ಬಯಲಾಯಿತು.

ಕೊನೆಗೆ ಒಂದು ಸಂಖ್ಯೆ. ಜೀವ ಗರ್ಭದಲ್ಲಿ ವಾಸಿಸುವುದು 277 ಅಹೋರಾತ್ರಿ ಮತ್ತು ಅರ್ಧ ಎಂದು ತಂದುಲವೇಯಾಲಿಯ ಹೇಳುತ್ತದೆ. ಪ್ರಾಚೀನ ಗ್ರಂಥಗಳಲ್ಲಿ ಇಷ್ಟು ಖಚಿತವಾದ ಎಣಿಕೆ ವಿರಳ. ಇಂದಿನ ಲೆಕ್ಕದಲ್ಲಿ ಕೂಡುವಿಕೆಯಿಂದ ಹೆರಿಗೆಗೆ ಸರಾಸರಿ 266 ದಿನ. ಕೊನೆಯ ಮುಟ್ಟಿನ ಮೊದಲ ದಿನದಿಂದಾದರೆ 280. ಅರ್ಧಮಾಗಧಿಯ ಸಂಖ್ಯೆ ಎರಡನೆಯದಕ್ಕೆ ಹತ್ತಿರ. ಕೂಡುವಿಕೆಯ ದಿನ ಯಾರಿಗೂ ಕಾಣುವುದಿಲ್ಲ, ಮುಟ್ಟಿನ ದಿನ ಹೆಣ್ಣಿಗೆ ತಿಳಿದಿರುತ್ತದೆ. ಆ ಎಣಿಕೆಯ ಹಿಂದೆ ಒಬ್ಬಳ ನೆನಪು ಇದ್ದಿರಬಹುದೆಂಬ ಊಹೆಗೆ ಇಷ್ಟು ಎಡೆ ಇದೆ, ಇದಕ್ಕಿಂತ ಹೆಚ್ಚಿಗೆ ಎಳೆಯುವಂತಿಲ್ಲ. ಇಂದು ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಗೆ ಕೊಡುವ ತಾಯಿ ಕಾರ್ಡಿನಲ್ಲಿ ಹೆರಿಗೆಯ ದಿನವನ್ನು ಲೆಕ್ಕ ಹಾಕಿ ಬರೆಯಲಾಗುತ್ತದೆ. ಲೆಕ್ಕಕ್ಕೆ ಮೊದಲು ಆಕೆಯನ್ನು ಕೇಳುವುದು ಒಂದೇ ಪ್ರಶ್ನೆ: ಕಡೆಯ ಬಾರಿ ಮುಟ್ಟಾದದ್ದು ಯಾವ ತಾರೀಕು?